ಧೂಳು, ಹೊಗೆಯ ಊರಲ್ಲಿ ವಾಕಿಂಗ್: ಶುಗರ್ ಬಾರದಂತೆ ತಡೆಯಲು ತುಮಕೂರಿನವರು ಏನು ಮಾಡಬೇಕು?

"ಬಿ.ಎಚ್. ರಸ್ತೇಲಿ ಬೆಳಗ್ಗೆ ನಡೆದ್ರೆ ಹೊಗೆ ಕುಡಿದಂಗಾಗುತ್ತೆ. ಇಂಥ ಗಾಳಿಯಲ್ಲಿ ವಾಕಿಂಗ್ ಮಾಡೋದಕ್ಕಿಂತ ಮನೇಲಿರೋದೇ ವಾಸಿ ಅಲ್ವಾ?" ತುಮಕೂರಿನ ಓದುಗರು ಬೇರೆ ಬೇರೆ ಮಾತಲ್ಲಿ ಕೇಳುತ್ತಿರುವುದು ಇದೇ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇರುತ್ತದೆ. ತಮಗೂ "ಬಾರ್ಡರ್‌ನಲ್ಲಿದೆ" ಎಂದು ಡಾಕ್ಟರು ಹೇಳಿರುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾಕಿಂಗ್ ಬಿಡಬೇಡಿ. ನಡೆಯುವ ಜಾಗ ಮತ್ತು ಹೊತ್ತು ಬದಲಿಸಿ.

ಕೆಟ್ಟ ಗಾಳಿಗೂ ಸಕ್ಕರೆ ಕಾಯಿಲೆಗೂ ನಂಟಿರುವುದು ನಿಜ. ಇದರಲ್ಲಿ ಮುಖ್ಯ ಆರೋಪಿ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ. ಇಷ್ಟು ಸಣ್ಣ ಕಣ ಮೂಗಲ್ಲಿ, ಗಂಟಲಲ್ಲಿ ನಿಲ್ಲುವುದಿಲ್ಲ. ಶ್ವಾಸಕೋಶದ ತಳಕ್ಕೇ ಹೋಗುತ್ತದೆ, ಅಲ್ಲಿ ಉರಿಯೂತ ಹುಟ್ಟಿಸುತ್ತದೆ. ಆ ಉರಿಯೂತ ಮೈಗೆಲ್ಲ ಹಬ್ಬಿದಾಗ ಇನ್ಸುಲಿನ್ ಕೆಲಸ ಕೆಡುತ್ತದೆ. ಇನ್ಸುಲಿನ್ ಎಂದರೆ ರಕ್ತದಲ್ಲಿನ ಸಕ್ಕರೆಯನ್ನು ಸ್ನಾಯು ಮತ್ತು ಇತರ ಜೀವಕೋಶಗಳೊಳಗೆ ಸೇರಿಸುವ ಹಾರ್ಮೋನು. ಅದು ಇದ್ದೂ ಜೀವಕೋಶ ಅದರ ಮಾತು ಕೇಳದ ಸ್ಥಿತಿಗೆ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ. ಟೈಪ್ 2 ಸಕ್ಕರೆ ಕಾಯಿಲೆ ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದಲೇ. ದೆಹಲಿ ಮತ್ತು ಚೆನ್ನೈನ ಸುಮಾರು 12 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ಹೆಚ್ಚಾದರೆ ಸಕ್ಕರೆ ಕಾಯಿಲೆಯ ಅಪಾಯ ಶೇ 22ರಷ್ಟು ಏರುತ್ತದೆ ಎಂದು ಅದು ಕಂಡುಕೊಂಡಿತು.

ಇನ್ನೊಂದು ಮಗ್ಗುಲೂ ಇದೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ತೈವಾನಿನಲ್ಲಿ 2001ರಿಂದ 2016ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ವಯಸ್ಕರ ಆರೋಗ್ಯ ತಪಾಸಣೆಯ ವಿವರಗಳನ್ನು ಜೋಡಿಸಿ ನೋಡಿದರು. ಗಾಳಿ ಕೆಟ್ಟಷ್ಟೂ ಕಾಯಿಲೆ ಜಾಸ್ತಿ ಇತ್ತು. ಆದರೆ ನಿಯಮಿತವಾಗಿ ವ್ಯಾಯಾಮ ಮಾಡುವವರಿಗೆ ಗಾಳಿ ಹೇಗೇ ಇರಲಿ, ಅಪಾಯ ಕಡಿಮೆಯೇ ಇತ್ತು. ಹೊಗೆಗೆ ಹೆದರಿ ಸೋಫಾ ಮೇಲೆ ಕೂತರೆ ಎರಡೂ ಕಡೆ ನಷ್ಟ. ಮನೆಯೊಳಗೂ ಅದೇ ಗಾಳಿ ಬರುತ್ತದೆ, ಮೇಲಿಂದ ವ್ಯಾಯಾಮವೂ ತಪ್ಪುತ್ತದೆ.

ಬೇಕಾಗುವ ಸಾಮಾನು ಬಹಳ ಕಡಿಮೆ. ಬಟ್ಟೆ ಅಳೆಯುವ ಟೇಪು, ಕಾಲಿಗೆ ಸರಿಯಾಗಿ ಕೂರುವ ಶೂ, ಮೊಬೈಲು, ಒಂದು ಸಣ್ಣ ನೋಟ್‌ಬುಕ್. ಜೊತೆಗೆ ಒಂದು ರಕ್ತ ಪರೀಕ್ಷೆ.

1. ಮೊದಲು ನಿಮ್ಮ ಅಪಾಯ ಎಷ್ಟು ಅಂತ ಲೆಕ್ಕ ಹಾಕಿ

ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಮ್ಮ ದೇಶದ ಜನರಿಗಾಗಿಯೇ ಒಂದು ಅಂಕಪಟ್ಟಿ ಮಾಡಿದೆ. ನಾಲ್ಕೇ ಪ್ರಶ್ನೆ, ಒಟ್ಟು ನೂರು ಅಂಕ.

ವಯಸ್ಸು: 35ರ ಒಳಗಿದ್ದರೆ 0, 35ರಿಂದ 49 ಇದ್ದರೆ 20, 50 ಮತ್ತು ಮೇಲ್ಪಟ್ಟರೆ 30.

ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ 0, 90ರಿಂದ 99 ಇದ್ದರೆ 10, 100 ಮತ್ತು ಹೆಚ್ಚಿದ್ದರೆ 20. ಹೆಂಗಸರಿಗೆ 80ರ ಒಳಗೆ 0, 80ರಿಂದ 89 ಇದ್ದರೆ 10, 90 ಮತ್ತು ಹೆಚ್ಚಿದ್ದರೆ 20.

ಓಡಾಟ: ವ್ಯಾಯಾಮವೂ ಉಂಟು, ಮೈಮುರಿಯುವ ಕೆಲಸವೂ ಉಂಟು ಎಂದರೆ 0. ಎರಡರಲ್ಲಿ ಒಂದಿದ್ದರೆ 20. ಎರಡೂ ಇಲ್ಲದಿದ್ದರೆ 30.

ಮನೆತನ: ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಮೊತ್ತ 60 ಅಥವಾ ಹೆಚ್ಚಾದರೆ ಅಪಾಯ ಜಾಸ್ತಿ. 30ರಿಂದ 50 ಮಧ್ಯಮ. 30ಕ್ಕಿಂತ ಕೆಳಗೆ ಕಡಿಮೆ.

ಒಂದು ಉದಾಹರಣೆ ನೋಡೋಣ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ 42ರ ಒಬ್ಬರು. ದಿನವಿಡೀ ಗಲ್ಲಾ ಪೆಟ್ಟಿಗೆ ಮುಂದೆ ಕೂರುತ್ತಾರೆ. ಸೊಂಟ 94 ಸೆಂ.ಮೀ., ತಾಯಿಗೆ ಶುಗರ್ ಇದೆ. ಅವರಿಗೆ 20, 10, 30, 10 ಸೇರಿ 70 ಅಂಕ. ವಯಸ್ಸನ್ನೂ ತಾಯಿಯ ಕಾಯಿಲೆಯನ್ನೂ ಅವರು ಬದಲಿಸಲಾರರು. ದಿನಾ ನಡೆಯಲು ಶುರು ಮಾಡಿ ಸೊಂಟ 90ರ ಒಳಗೆ ತಂದರೆ ಮೊತ್ತ 50ಕ್ಕೆ ಇಳಿಯುತ್ತದೆ. ಕೈಲಿರುವುದು ಆ ಎರಡೇ ಸಾಲು, ಆದರೆ ಅಪಾಯದ ಗುಂಪೇ ಬದಲಾಗುತ್ತದೆ.

ಸೊಂಟ ಅಳೆಯುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಪ್ಯಾಂಟಿನ ಸೈಜು ಸೊಂಟದ ಅಳತೆ ಅಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹಾಗಾಗಿ ಆ ನಂಬರು ಸುಳ್ಳು ಹೇಳುತ್ತದೆ. ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಈ ಪಟ್ಟಿಯಲ್ಲಿ ಗಾಳಿಯ ಲೆಕ್ಕ ಇಲ್ಲ. ಹೆದ್ದಾರಿ ಪಕ್ಕ, ಕಾರ್ಖಾನೆ ಪಕ್ಕ ಮನೆ ಇದ್ದು ಅಂಕ 50ರ ಆಸುಪಾಸಿನಲ್ಲಿದ್ದರೆ ಹೆಚ್ಚು ಅಪಾಯದವರಂತೆಯೇ ಎಚ್ಚರದಿಂದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

2. ರಕ್ತ ಪರೀಕ್ಷೆ

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲೂ ಸೌಲಭ್ಯ ಇದೆ.

ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಸಕ್ಕರೆ 100ಕ್ಕಿಂತ ಕೆಳಗಿದ್ದರೆ ಸರಿ. 100ರಿಂದ 125 ಇದ್ದರೆ ಬಾರ್ಡರ್, ಡಾಕ್ಟರ ಮಾತಲ್ಲಿ ಪ್ರಿಡಯಾಬಿಟಿಸ್. 126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಎಚ್‌ಬಿಎ1ಸಿ ಎಂಬುದು ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಅದಕ್ಕೆ ಉಪವಾಸ ಬೇಕಿಲ್ಲ. 5.7ರಿಂದ 6.4 ಬಾರ್ಡರ್, 6.5 ಮತ್ತು ಮೇಲ್ಪಟ್ಟರೆ ಕಾಯಿಲೆ.

ಎಚ್ಚರ: ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

"ಏನೂ ತೊಂದರೆ ಇಲ್ಲ, ಯಾಕೆ ಪರೀಕ್ಷೆ?" ಅನ್ನಬೇಡಿ. ಬಾರ್ಡರ್ ಹಂತದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಐಸಿಎಂಆರ್‌ನ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ ಕಾಯಿಲೆ ಇರುವವರು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ. ವ್ಯಾಯಾಮದಿಂದ ಹೆಚ್ಚು ಲಾಭ ಪಡೆಯುವವರು ಈ ಬಾರ್ಡರ್‌ನವರೇ.

3. ಗಾಳಿಯ ನಂಬರು ಓದಲು ಕಲಿಯಿರಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ "ಸಮೀರ್" ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಹತ್ತಿರದ ಕೇಂದ್ರದ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ಸಿಗುತ್ತದೆ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ. 200 ದಾಟಿದರೆ ಕಳಪೆ.

ಇಲ್ಲಿ ಜನ ಎಡವುವ ಜಾಗ ಎರಡು. ಒಂದು, ಕೆಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಅಳತೆಯಲ್ಲಿ ನಂಬರು ತೋರಿಸುತ್ತವೆ. ಪಿಎಂ 2.5 60 ಮೈಕ್ರೋಗ್ರಾಂ ಇದ್ದರೆ ನಮ್ಮ ಲೆಕ್ಕದಲ್ಲಿ ಸೂಚ್ಯಂಕ 100, ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ. ಗಾಳಿ ಒಂದೇ, ನಂಬರು ಬೇರೆ. ಒಂದು ಆ್ಯಪ್ ಹಿಡಿದು ಅದನ್ನೇ ನೋಡುತ್ತಾ ಬನ್ನಿ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಸೂಚ್ಯಂಕದಲ್ಲಿ ಪಿಎಂ 2.5ಕ್ಕೆ ತೆಗೆದುಕೊಳ್ಳುವುದು 24 ಗಂಟೆಯ ಸರಾಸರಿ. ಬೆಳಗ್ಗೆ ಏಳಕ್ಕೆ ನಿಮ್ಮ ಬೀದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟರೆ ಆ ಹೊಗೆ ಆ ನಂಬರಿನಲ್ಲಿ ಕಾಣುವುದಿಲ್ಲ. ಯಂತ್ರ ಇರುವುದು ಎಲ್ಲೋ ಒಂದು ಕಡೆ, ನೀವು ನಡೆಯುವುದು ಇನ್ನೊಂದು ಕಡೆ. ಆ್ಯಪ್‌ನಿಂದ ದಿನದ ಅಂದಾಜು ಸಿಗುತ್ತದೆ. ಬೀದಿಯ ಅಂದಾಜಿಗೆ ಕಣ್ಣು, ಮೂಗೇ ಬೇಕು.

4. ಜಾಗ ಮತ್ತು ಹೊತ್ತು: ಇಲ್ಲೇ ಇರುವುದು ಲಾಭ

ಲಂಡನ್ನಿನಲ್ಲಿ 60 ದಾಟಿದವರನ್ನು ಎರಡು ಗಂಟೆ ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಅದೇ ಜನ ಒಂದು ದಿನ ಹೈಡ್ ಪಾರ್ಕಿನಲ್ಲಿ ನಡೆದರು, ಇನ್ನೊಂದು ದಿನ ಡೀಸೆಲ್ ಬಸ್ಸುಗಳು ತುಂಬಿದ ಆಕ್ಸ್‌ಫರ್ಡ್ ಬೀದಿಯಲ್ಲಿ. ಪಾರ್ಕಿನಲ್ಲಿ ನಡೆದಾಗ ಶ್ವಾಸಕೋಶದ ಶಕ್ತಿ ಹೆಚ್ಚಿತು, ರಕ್ತನಾಳದ ಬಿಗಿತ ಇಳಿಯಿತು. ಬೀದಿಯಲ್ಲಿ ನಡೆದಾಗ ಆ ಲಾಭದ ಹೆಚ್ಚಿನ ಪಾಲು ಹೋಯಿತು. ನಡೆದ ಹೊತ್ತು ಅಷ್ಟೇ, ಜಾಗ ಮಾತ್ರ ಬೇರೆ.

ಇದನ್ನು ತುಮಕೂರಿಗೆ ಹೊಂದಿಸಿ ನೋಡಿ. ಬಿ.ಎಚ್. ರಸ್ತೆ, ಶಿರಾ ಗೇಟ್, ಬಟವಾಡಿ, ಕ್ಯಾತ್ಸಂದ್ರದ ಹೆದ್ದಾರಿ ಬದಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ರಸ್ತೆಗಳು ವಾಕಿಂಗಿಗೆ ಬೇಡ. ಲಾರಿ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಬಿಡುವ ಕಪ್ಪು ಹೊಗೆ ಎಲ್ಲಕ್ಕಿಂತ ಕೆಟ್ಟದ್ದು. ದೊಡ್ಡ ರಸ್ತೆಯಿಂದ ನೂರು ಇನ್ನೂರು ಮೀಟರ್ ಒಳಗೆ ಸರಿದರೂ ವಾಹನದ ಹೊಗೆ ಎಷ್ಟೋ ಕಡಿಮೆಯಾಗುತ್ತದೆ. ಮುಖ್ಯರಸ್ತೆ ಬಿಟ್ಟು ಎರಡು ಕ್ರಾಸ್ ಒಳಗೆ ಹೋಗಿ. ಅಮಾನಿಕೆರೆಯ ನಡಿಗೆ ಹಾದಿಯಲ್ಲಿ ನೀರಿನ ಕಡೆಯ ಭಾಗ, ಮಹಾತ್ಮ ಗಾಂಧಿ ಕ್ರೀಡಾಂಗಣ, ಬಡಾವಣೆಯ ಪಾರ್ಕು, ಯಾವುದು ಮನೆಗೆ ಹತ್ತಿರವೋ ಅದು. ಭಾನುವಾರ ಬಿಡುವಿದ್ದರೆ ಸಿದ್ಧಗಂಗಾ ಬೆಟ್ಟದ ಮೆಟ್ಟಿಲು ಹತ್ತಬಹುದು, ದೇವರಾಯನದುರ್ಗಕ್ಕೂ ಹೋಗಬಹುದು. ಆದರೆ ಶುಗರ್ ತಡೆಯುವುದು ವಾರದ ಐದು ದಿನದ ನಡಿಗೆ. ಹಾಗಾಗಿ ಮನೆ ಹತ್ತಿರದ ಜಾಗವೇ ಮೇಲು.

ಇನ್ನು ಹೊತ್ತು. ಬೆಳಗಿನ ಜಾವದ ಗಾಳಿ ಶುದ್ಧ ಎಂದು ನಾವೆಲ್ಲ ನಂಬಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ಇದು ಹಲವು ದಿನ ಸುಳ್ಳಾಗುತ್ತದೆ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೇ ಉಳಿಯುತ್ತದೆ, ಅದರ ಮೇಲೆ ಬೆಚ್ಚನೆಯ ಪದರ ಕೂರುತ್ತದೆ. ಹೊಗೆ ಮೇಲೇರಲು ದಾರಿ ಇಲ್ಲ. ಆರು ಗಂಟೆಗೆ ಊರಂಚಿನ ಯಾವ ಬಡಾವಣೆಗೆ ಹೋದರೂ ಕಾಣುತ್ತದೆ: ಬಚ್ಚಲೊಲೆಗೆ ತೆಂಗಿನ ಗರಿ, ಮಟ್ಟೆ ತುರುಕಿ ಹಂಡೆ ನೀರು ಕಾಯಿಸುತ್ತಿರುತ್ತಾರೆ. ಒದ್ದೆ ಮಟ್ಟೆಯ ಬೂದು ಹೊಗೆ ಹೆಂಚಿನ ಸಂದಿಯಿಂದ ಹೊರಬಂದು ಮೇಲೇರದೆ ಎದೆಯೆತ್ತರದಲ್ಲೇ ಬೀದಿಗುಂಟ ಹರಡುತ್ತದೆ. ಅಷ್ಟೊತ್ತಿಗೆ ರಸ್ತೆ ಗುಡಿಸಿದ ಎಲೆಗೂ ಬೆಂಕಿ ಬಿದ್ದಿರುತ್ತದೆ. ಅದರ ನಡುವೆ ಸ್ವೆಟರ್, ಮಫ್ಲರ್ ಹಾಕಿಕೊಂಡವರ ಬಿರುಸಿನ ನಡಿಗೆ.

ಹಾಗಾಗಿ ಚಳಿಗಾಲದಲ್ಲಿ ಬಿಸಿಲು ಏರಿದ ಮೇಲೆ ಹೊರಡಿ. ನಿವೃತ್ತರಿಗೆ, ಮನೆಯಲ್ಲಿರುವವರಿಗೆ ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಮಧ್ಯಾಹ್ನದ ಬಿಸಿಗೆ ಗಾಳಿ ಚೆನ್ನಾಗಿ ಕಲೆತಿರುತ್ತದೆ, ಸಂಜೆಯ ವಾಹನದ ಗಲಾಟೆ ಇನ್ನೂ ಶುರುವಾಗಿರುವುದಿಲ್ಲ. ಬೇಸಿಗೆಯಲ್ಲಿ ಬಿಸಿಲೇ ದೊಡ್ಡ ತೊಂದರೆ, ಬೆಳಗ್ಗೆಯೇ ನಡೆಯಿರಿ. ಮಳೆ ಬಂದು ನಿಂತ ಮೇಲಿನ ಹೊತ್ತು ಎಲ್ಲಕ್ಕಿಂತ ಚೆನ್ನ. ಬೆಳಗ್ಗೆ ಆರಕ್ಕೆ ಬಿಟ್ಟರೆ ಬೇರೆ ಸಮಯವೇ ಇಲ್ಲ ಎನ್ನುವವರು ನಡಿಗೆ ಬಿಡಬೇಡಿ. ಒಲೆ ಉರಿಯದ, ವಾಹನ ಕಡಿಮೆ ಇರುವ ದಾರಿ ಹುಡುಕಿ.

5. ಎಷ್ಟು, ಹೇಗೆ ನಡೆಯಬೇಕು

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ದಿನಕ್ಕೆ 30 ನಿಮಿಷದಂತೆ ಐದು ದಿನ ಎಂದು ಶುರು ಮಾಡಿ. ಮಧ್ಯಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತಾಡುತ್ತಾ ಹಾಡೂ ಹೇಳಬಹುದು ಎನ್ನುವಷ್ಟು ನಿಧಾನ ಇದ್ದರೆ ವೇಗ ಸಾಲದು.

ಅರ್ಧ ಗಂಟೆ ನಡೆದರೆ ಏನಾದೀತು ಎನ್ನುವವರಿಗೆ ಒಂದು ಮಾತು. 2006ರಲ್ಲಿ ಪ್ರಕಟವಾದ ಭಾರತೀಯ ಡಯಾಬಿಟಿಸ್ ತಡೆ ಅಧ್ಯಯನದಲ್ಲಿ ಬಾರ್ಡರ್‌ನಲ್ಲಿದ್ದ 531 ಜನರಿದ್ದರು. ಊಟ ತಿದ್ದಿಕೊಂಡು ದಿನಾ ಕನಿಷ್ಠ ಅರ್ಧ ಗಂಟೆ ನಡೆಯಿರಿ ಎಂದು ಒಂದು ಗುಂಪಿಗೆ ಹೇಳಿಕೊಟ್ಟರು. ಆ ಗುಂಪಿನಲ್ಲಿ ಕಾಯಿಲೆಗೆ ತಿರುಗುವ ಅಪಾಯ ಶೇ 28.5ರಷ್ಟು ಕಡಿಮೆಯಾಯಿತು. ಅವರು ಜಿಮ್ಮಿಗೆ ಹೋದವರಲ್ಲ.

ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಸ್ನಾಯುವಿನ ಮೇಲೆ ವ್ಯಾಯಾಮದ ಪರಿಣಾಮ ಅಷ್ಟೊತ್ತಿಗೆ ಇಳಿದುಹೋಗುತ್ತದೆ. ರಾತ್ರಿ ಊಟದ ನಂತರ 10-15 ನಿಮಿಷ ಬೀದಿಯಲ್ಲೋ ಟೆರೇಸಿನ ಮೇಲೋ ಓಡಾಡಿದರೆ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ. ಇದು ಬಹಳ ಸುಲಭದ ಉಪಾಯ, ಆದರೂ ಮಾಡುವವರು ಕಡಿಮೆ.

ಉಸಿರು ಆದಷ್ಟು ಮೂಗಿನಿಂದಲೇ ಇರಲಿ. ಸುಮ್ನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಬಿರುಸಾಗಿ ನಡೆದರೆ ಅದರ ಮೂರು ನಾಲ್ಕು ಪಟ್ಟು, ಓಡಿದರೆ ಇನ್ನೂ ಜಾಸ್ತಿ, ಅದೂ ಬಾಯಿಂದ. ಅದಕ್ಕೇ ಹೊಗೆ ಇರುವ ಕಡೆ ಓಡಬೇಡಿ ಎನ್ನುವುದು. ಓಟ ಏನಿದ್ದರೂ ಕ್ರೀಡಾಂಗಣದಲ್ಲಿ ಇರಲಿ.

"ಇಷ್ಟು ಹೊಗೆಯಲ್ಲಿ ನಡೆದರೆ ಲಾಭಕ್ಕಿಂತ ಹಾನಿಯೇ ಹೆಚ್ಚಾಗಲ್ವಾ?" ಎಂಬ ಭಯಕ್ಕೂ ಲೆಕ್ಕ ಇದೆ. ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಇದನ್ನೇ ಗಣಿಸಿದರು. ಪಿಎಂ 2.5 100 ಮೈಕ್ರೋಗ್ರಾಂ ಇರುವ, ತುಂಬಾ ಕೆಟ್ಟ ಗಾಳಿಯ ಊರಲ್ಲೂ ಹಾನಿ ಲಾಭವನ್ನು ಮೀರಬೇಕಾದರೆ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಸೈಕಲ್ ತುಳಿಯಬೇಕು, ಇಲ್ಲವೇ ಹತ್ತು ಗಂಟೆಗಿಂತ ಹೆಚ್ಚು ನಡೆಯಬೇಕು. ನಾವು ಮಾತಾಡುತ್ತಿರುವುದು ಅರ್ಧ ಗಂಟೆಯ ಬಗ್ಗೆ.

ವಾಕಿಂಗ್ ಮುಗಿಸಿ ನೇರ ಹೋಟೆಲಿಗೆ ನುಗ್ಗಿ ಎರಡು ತಟ್ಟೆ ಇಡ್ಲಿ, ವಡೆ, ಎರಡು ಚಮಚ ಸಕ್ಕರೆಯ ಕಾಫಿ ಮುಗಿಸಿದರೆ ಸೊಂಟದ ಟೇಪು ಅಲ್ಲೇ ಇರುತ್ತದೆ. ತಟ್ಟೆ ಇಡ್ಲಿ ನಮ್ಮ ಊರಿನ ಹೆಮ್ಮೆ, ಬಿಡಿ ಎನ್ನುವುದಿಲ್ಲ. ಒಂದು ಸಾಕು.

6. ಗಾಳಿ ಕೆಟ್ಟ ದಿನ ಮನೆಯೊಳಗೆ

ಸೂಚ್ಯಂಕ 200 ದಾಟಿದ ದಿನ, ಬೀದಿಯಲ್ಲಿ ಕಸ ಉರಿಯುತ್ತಿರುವಾಗ, ದೀಪಾವಳಿಯ ಎರಡು ಮೂರು ದಿನ ಮನೆಯಲ್ಲೇ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಬಸ್ಕಿ, ಗೋಡೆಗೆ ಕೈ ಕೊಟ್ಟು ತಳ್ಳುವುದು, ನೀರು ತುಂಬಿದ ಲೀಟರ್ ಬಾಟಲಿ ಎತ್ತುವುದು. ಪ್ರತಿಯೊಂದೂ ಹತ್ತು ಹನ್ನೆರಡು ಸಲ, ಎರಡು ಮೂರು ಸುತ್ತು. ಸ್ನಾಯು ಬಲದ ಇಂಥ ವ್ಯಾಯಾಮ ಹೇಗೂ ವಾರಕ್ಕೆರಡು ದಿನ ಎಲ್ಲರಿಗೂ ಬೇಕು. ಸಕ್ಕರೆ ಹೆಚ್ಚು ಬಳಸುವುದು ಸ್ನಾಯುಗಳೇ ತಾನೆ.

ಮನೆಯೊಳಗಿನ ಹೊಗೆ ಮರೆಯಬೇಡಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟಿನಷ್ಟು ಎಂದು ಒಂದು ಅಧ್ಯಯನ ಅಳೆದು ಹೇಳಿದೆ. ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಸಾಂಬ್ರಾಣಿ ಹಾಕಿ ಬಸ್ಕಿ ಹೊಡೆದರೆ ರಸ್ತೆಯೇ ವಾಸಿ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಹಂಡೆ ಒಲೆ ಇರುವವರು ಸೌದೆ, ಮಟ್ಟೆ ಚೆನ್ನಾಗಿ ಒಣಗಿಸಿ ಉರಿಸಿ, ಹೊಗೆ ಕೊಳವೆ ಸೂರಿಗಿಂತ ಮೇಲೆ ಹೋಗುವಂತೆ ಮಾಡಿಸಿ. ಸೋಲಾರ್ ಹಾಕಿಸುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು. ಒಲೆ ಮುಂದೆ ದಿನಾ ಕೂರುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಅವರ ವಾಕಿಂಗಿಗಂತೂ ಯಾರೂ ಸಮಯ ಮಾಡಿಕೊಡುವುದಿಲ್ಲ.

ಮಾಸ್ಕ್ ಬಗ್ಗೆ: ಕರ್ಚೀಫು, ಬಟ್ಟೆ ಮಾಸ್ಕ್ ದಪ್ಪ ಧೂಳು ತಡೆಯಬಹುದು, ಪಿಎಂ 2.5 ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಮುಖಕ್ಕೆ ಸಂದಿಯಿಲ್ಲದೆ ಕೂತರೆ ಮಾತ್ರ. ಅದು ಹಾಕಿಕೊಂಡು ನಡೆಯಬಹುದು, ಓಡಬೇಡಿ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ ಹಾಕಿಕೊಳ್ಳಿ.

7. ಬೆಂಗಳೂರಿಗೆ ಓಡಾಡುವವರಿಗೆ

ಬೆಳಗಿನ ಟ್ರೈನು ಹಿಡಿದು ರಾತ್ರಿ ಬರುವವರಿಗೆ ಒಂದೇ ಸಲ ಅರ್ಧ ಗಂಟೆ ಸಿಗುವುದು ಕಷ್ಟ. ಹತ್ತು ಹತ್ತು ನಿಮಿಷ ಮೂರು ಸಲ ಆದರೂ ಲೆಕ್ಕಕ್ಕೆ ಬರುತ್ತದೆ. ಟ್ರೈನು ಬರುವವರೆಗೆ ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ನಡೆಯಿರಿ. ಆಫೀಸಿನಲ್ಲಿ ಲಿಫ್ಟ್ ಬಿಡಿ. ಮಧ್ಯಾಹ್ನ ಊಟ ಆದ ಮೇಲೆ ಕಟ್ಟಡದ ಒಳಗೇ ಹತ್ತು ನಿಮಿಷ ಓಡಾಡಿ.

8. ಇವರು ಮೊದಲು ಡಾಕ್ಟರನ್ನು ಕಾಣಬೇಕು

ನಡೆದಾಗ ಎದೆ ಹಿಡಿದಂತಾಗುವವರು, ಹೃದಯದ ತೊಂದರೆ ಇರುವವರು, ಆಸ್ತಮಾ ಇರುವವರು, ಪಾದಗಳಲ್ಲಿ ಸ್ಪರ್ಶ ಕಡಿಮೆಯಾದವರು. ಆಗಲೇ ಶುಗರ್ ಇದ್ದು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುವಾಗ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗುವುದು, ಬೆವರುವುದು, ಕಣ್ಣು ಮಂಜಾಗುವುದು ಅದರ ಲಕ್ಷಣ. ಮೂರು ಚಮಚ ಸಕ್ಕರೆ ಜೇಬಿನಲ್ಲಿರಲಿ. ಹಾಗಾದ ತಕ್ಷಣ ನಿಂತು, ಬಾಯಿಗೆ ಹಾಕಿಕೊಂಡು ಕೂತುಬಿಡಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

9. ನೋಟ್‌ಬುಕ್ ಮತ್ತು ಮರುಪರೀಕ್ಷೆ

ದಿನಾಂಕ, ನಡೆದ ನಿಮಿಷ, ಜಾಗ, ಅಂದಿನ ಸೂಚ್ಯಂಕ, ಇಷ್ಟು ಬರೆದರೆ ಸಾಕು. ತಿಂಗಳಿಗೊಮ್ಮೆ ಸೊಂಟದ ಅಳತೆ. ದಿನಾ ತೂಕ ನೋಡಿ ಬೇಸರ ಮಾಡಿಕೊಳ್ಳಬೇಡಿ. ತೂಕ ಇಳಿಯುವ ಮೊದಲೇ ಇನ್ಸುಲಿನ್ ಕೆಲಸ ಸುಧಾರಿಸಲು ಶುರುವಾಗಿರುತ್ತದೆ.

ಬಾರ್ಡರ್‌ನಲ್ಲಿರುವವರು ಮೂರು ತಿಂಗಳು ನಡೆದ ಮೇಲೆ ಎಚ್‌ಬಿಎ1ಸಿ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ ಹಳೆಯ ದಿನಗಳ ಸಕ್ಕರೆಯೂ ಲೆಕ್ಕಕ್ಕೆ ಸೇರಿರುತ್ತದೆ. ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ. ಎರಡೂ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಹೋಲಿಸಲು ಸುಲಭ. ಡಾಕ್ಟರನ್ನು ಕಾಣಲು ಹೋಗುವಾಗ ಹಳೆಯ ರಿಪೋರ್ಟು, ಹೊಸ ರಿಪೋರ್ಟಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. "ವಾಕಿಂಗ್ ಮಾಡ್ತೀರಾ?" ಎಂದು ಅವರು ಕೇಳಿದಾಗ ಬಾಯಲ್ಲಿ ಹೇಳುವುದಕ್ಕಿಂತ ಅದನ್ನೇ ತೆರೆದು ತೋರಿಸಿ.